ನಾಯಿಗೆ ನಾಯಿಯ ಮರ್ಯಾದೆ

(ಸಂಘದ ಕುಟುಂಬ ಸಮ್ಮೇಲನದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯ ಮೇಲೆ ನಿಂತು ನಾಯಿಯ ವಿಚಾರ ಮಾತನಾಡುವುದೇ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅಂಥವರಿಗೆ ನಮ್ಮ ಮೊದಲ ಅರಿಕೆ ಇದು: ಕನ್ನಡ ನಾಡಿನಲ್ಲಿ ನಾಯಿಗೆ ಸಂದ ಮರ್ಯಾದೆ ಸಾವಿರ ವರ್ಷಕ್ಕೂ ಹಿಂದಿನದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಹೆಸರನ್ನು ತಾವು ಕೇಳಿರಬಹುದು. 949-50ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ 'ಬೇಕಾದುದನ್ನು ಬೇಡಿಕೊ' ಎಂದಾಗ, ಅವನು ಹೊನ್ನು ಬೇಡಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಮಣಲೆರನು ಅದಕ್ಕೊಂದು ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಡಿಸಿದನು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆ ಕಲ್ಲಿನಲ್ಲಿ ಒಂದು ವಿಶೇಷವಿದೆ. ಶಿಲ್ಪಿಯು ಕಾಳಿಯನ್ನು ಪಲ್ಲಕ್ಕಿಯಲ್ಲಿ ಕೂಡಿಸಿಲ್ಲ, ಕಿರೀಟ ತೊಡಿಸಿಲ್ಲ. ನಾಯಿ ಹಂದಿಯೊಡನೆ ಕಾದುತ್ತಿರುವಂತೆ ಕೆತ್ತಿದ್ದಾನೆ, ಅಷ್ಟೆ. ಕಾಳಿಗೆ ಸಂದ ಮರ್ಯಾದೆ ನಾಯಿಯಾಗಿ ಸಂದ ಮರ್ಯಾದೆ. ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಂಡರೆ ನಮ್ಮ ಭಾಷಣದ ಅರ್ಧ ಮುಗಿದಂತೆಯೇ.

ಇನ್ನು ನಮ್ಮ ಮುಂಬಯಿಗೆ ಬರೋಣ. ಈ ಊರು ನಾಯಿಗಾಗಿ ಬೀದಿಗಿಳಿದ ಊರು. 1832ರಲ್ಲಿ ಅಂದಿನ ಕಂಪೆನಿ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರಸಿಗಳು ಮುಂದಾಗಿ ನಿಂತು, ಅಂಗಡಿ ಮುಚ್ಚಿಸಿ, ದೊಡ್ಡ ಗಲಭೆಯೇ ಆಗಿಹೋಯಿತು. ಪರೇಲಿನಲ್ಲಿ ಮೂಕಪ್ರಾಣಿಗಳಿಗಾಗಿ ಕಟ್ಟಿಸಿದ ಆಸ್ಪತ್ರೆ 19ನೆಯ ಶತಮಾನದ್ದು. ಇಂಥ ಊರಿನಲ್ಲಿ ಪ್ರಾಣಿದಯೆಯ ಮೇಲೆ ಉಪದೇಶ ಮಾಡಲು ನಾವು ಬಂದಿಲ್ಲ. ದಯೆ ಸಾಲದೆ ಕೆಡುವುದುಂಟು, ಅದು ಎಲ್ಲರಿಗೂ ಗೊತ್ತು. ದಯೆ ದಾರಿ ತಪ್ಪಿ ಕೆಡುವುದೂ ಉಂಟು. ಆ ಎರಡನೆಯದನ್ನು ಕುರಿತು ಎರಡು ಮಾತು.

ಇಂದು ನಮ್ಮ ಕಟ್ಟಡಗಳಲ್ಲಿ ನಾಯಿ ಬೆಕ್ಕುಗಳಿಗೆ ಹುಟ್ಟುಹಬ್ಬ ನಡೆಯುತ್ತದೆ, ಕೇಕು ಕತ್ತರಿಸುತ್ತಾರೆ. ಮಳೆಗಾಲಕ್ಕೆ ರೇನ್‌ಕೋಟು, ಮದುವೆಗೆ ಶೇರವಾನಿ, ತಿರುಗಾಟಕ್ಕೆ ಮಕ್ಕಳ ತಳ್ಳುಗಾಡಿ. ಯಜಮಾನರು 'ಪಪ್ಪಾ', ಯಜಮಾನಿತಿ 'ಮಮ್ಮಿ'. ನಕ್ಕುಬಿಡುವುದು ಸುಲಭ. ಆದರೆ ನಗುವ ಮೊದಲು ಆ ಬಾಗಿಲುಗಳ ಒಳಗೆ ಇಣುಕಿ ನೋಡಿ. ಮಗ ಪರದೇಶದಲ್ಲಿ, ಮಗಳು ಇನ್ನೊಂದು ಊರಿನಲ್ಲಿ, ಸಂಜೆ ದೀಪ ಹಚ್ಚಿದಾಗ ಮನೆಯಲ್ಲಿ ಓಡಾಡುವ ಜೀವ ಅದೊಂದೇ. ಎಷ್ಟೋ ಮನೆಗಳಲ್ಲಿ ದಿನದ ಕನ್ನಡವನ್ನು ಕೇಳಿಸಿಕೊಳ್ಳುವ ಕಿವಿಯೂ ಅದರದೊಂದೇ. ಅದನ್ನು 'ಮಗಾ' ಎಂದು ಕರೆದವರನ್ನು ಹೇಗೆ ತಾನೆ ಹಾಸ್ಯ ಮಾಡೋಣ? ನಾವೂ ಹಾಗೆಯೇ ಕರೆದವರು.

ನಮ್ಮ ಮನೆಯಲ್ಲೂ ಒಂದು ನಾಯಿಯಿತ್ತು. ಮಳೆಯಲ್ಲಿ ನೆನೆಯುತ್ತಿದ್ದ ಬೀದಿಮರಿಯನ್ನು ಮಗಳು ಎತ್ತಿಕೊಂಡು ಬಂದಳು. ರಾಜ ಎಂದು ಹೆಸರಿಟ್ಟೆವು. ಧಾರವಾಡದ ಕಡೆಯ ನಮ್ಮ ತಾಯಿಯವರು ಮೊದಲು ಮೂಗು ಮುರಿದರು. ಮೂರು ತಿಂಗಳಾಗುವಷ್ಟರಲ್ಲಿ ಅವರ ಮಂಚದ ಕೆಳಗೇ ಅದರ ಹಾಸಿಗೆ. ನಾವು ತಿಂದದ್ದನ್ನೆಲ್ಲ ಅದಕ್ಕೂ ಹಾಕಿದೆವು. ಹೋಳಿಗೆ ಮಾಡಿದರೆ ಹೋಳಿಗೆ, ಬಿಸ್ಕೀಟು ತಂದರೆ ಬಿಸ್ಕೀಟು. ಅದು ದುಂಡಗಾದಷ್ಟೂ ನಮಗೆ ಹೆಮ್ಮೆ.

2019ರ ಗಣೇಶ ಚೌತಿಯ ದಿನ ಮನೆಯಲ್ಲಿ ಪಾಯಸ. ಗೋಡಂಬಿ, ದ್ರಾಕ್ಷಿ ಧಾರಾಳವಾಗಿಯೇ ಬಿದ್ದಿದ್ದವು. "ಅದಕ್ಕೂ ಹಬ್ಬ ಅದಲ್ಲೋ, ಹಾಕು" ಎಂದರು ತಾಯಿಯವರು. ಬಟ್ಟಲು ತುಂಬ ಹಾಕಿದೆವು. ಬಾಲ ಅಲ್ಲಾಡಿಸುತ್ತ ನೆಕ್ಕಿ ಮುಗಿಸಿತು. ಅಂದು ರಾತ್ರಿಯೇ ವಾಂತಿ ಶುರುವಾಯಿತು. ಮಗುವಿಗೆ ಅಜೀರ್ಣವಾದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆವು: ಒಂದು ದಿನ ಉಪವಾಸವಿಟ್ಟು, ಶುಂಠಿ ಜೀರಿಗೆಯ ಕಷಾಯ ಕುಡಿಸಿದೆವು. ಮೂರನೆಯ ದಿನ ಮೂತ್ರ ನಿಂತಿತು. ಆಗ ವೈದ್ಯರ ಬಳಿಗೆ ಓಡಿದೆವು.

ವೈದ್ಯರು ಬೈಯಲಿಲ್ಲ. ಏನು ತಿಂದಿತ್ತು ಎಂದು ಮಾತ್ರ ಕೇಳಿದರು. ಹೇಳಿದೆವು. ದ್ರಾಕ್ಷಿ, ಹಸಿಯದಾಗಲಿ ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಎಷ್ಟು ತಿಂದರೆ ಅಪಾಯವೆಂದು ಅಳತೆ ಹೇಳಲಾಗದು, ಒಂದು ನಾಯಿ ಉಳಿಯುತ್ತದೆ, ಇನ್ನೊಂದು ಹೋಗುತ್ತದೆ. ತಿಂದ ಕೂಡಲೇ ತಂದಿದ್ದರೆ ವಾಂತಿ ಮಾಡಿಸಿ ನೋಡಬಹುದಾಗಿತ್ತು ಎಂದರು. ಎರಡು ದಿನ ಸಲೈನು ಏರಿಸಿದರು. ಐದನೆಯ ದಿನ ರಾಜ ಹೋಯಿತು. ತಾಯಿಯವರು ಆಮೇಲೆ ಪಾಯಸಕ್ಕೆ ದ್ರಾಕ್ಷಿ ಹಾಕಲಿಲ್ಲ. ಅದರ ಮಾತನ್ನೂ ಯಾರೂ ಎತ್ತಲಿಲ್ಲ.

ಮಹನೀಯರೇ, ರಾಜನನ್ನು ದ್ವೇಷದಿಂದ ಕೊಂದವರು ಯಾರೂ ಇಲ್ಲ. ಅದು ನಮ್ಮಂತೆಯೇ ಎಂದು ತಿಳಿದ ನಮ್ಮ ಪ್ರೀತಿಯೇ ಕೊಂದಿತು. ನಾಯಿ ನಮ್ಮಂತೆ ಅಲ್ಲ. ಚಾಕೊಲೇಟು ಅದಕ್ಕೆ ವಿಷ. ಈರುಳ್ಳಿ ಬೆಳ್ಳುಳ್ಳಿಗಳು ಅದರ ರಕ್ತವನ್ನು ಕೆಡಿಸುತ್ತವೆ. ನಮ್ಮ ಹಾಗೆ ಮೈಯೆಲ್ಲ ಬೆವರಿ ತಣ್ಣಗಾಗಲು ಅದಕ್ಕೆ ಬರುವುದಿಲ್ಲ; ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ಆರಿಸಿಕೊಳ್ಳಬೇಕು. ಅಂಥದಕ್ಕೆ ಮುಂಬಯಿಯ ಸೆಕೆಯಲ್ಲಿ ಶೇರವಾನಿ ತೊಡಿಸಿದರೆ ಅದು ಸನ್ಮಾನವೋ ಶಿಕ್ಷೆಯೋ? ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗಿನ ಧ್ವನಿ ಕೇಳಿಸಿದರೆ, ಅದರ ಕಿವಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ದೀಪಾವಳಿಯ ಪಟಾಕಿಯಾಗಲಿ, ರಾಜ್ಯೋತ್ಸವದ ಧ್ವನಿವರ್ಧಕವಾಗಲಿ ಅದಕ್ಕೆ ಸಂಭ್ರಮವಲ್ಲ. ಬೆಕ್ಕಿನ ಮಾತು ಇನ್ನೂ ಬೇರೆ. ಅದು ಹುಟ್ಟಿನಿಂದಲೇ ಮಾಂಸಾಹಾರಿ. ನಮ್ಮ ಮಡಿಗೆಂದು ಬರಿಯ ಹಾಲು ಮೊಸರನ್ನದಲ್ಲಿ ಅದನ್ನು ಸಾಕಿದರೆ, ಟಾರಿನ್ ಎಂಬ ಸತ್ವ ಸಾಲದೆ ಅದರ ಕಣ್ಣೂ ಹೃದಯವೂ ಕೆಡಬಹುದು.

ಮನಸ್ಸಿನ ವಿಷಯದಲ್ಲೂ ನಾವು ಹೀಗೆಯೇ ಎಡವುತ್ತೇವೆ. 'ತಪ್ಪು ಮಾಡಿದೆನೆಂದು ಅದಕ್ಕೆ ಗೊತ್ತು, ನೋಡಿ ಹೇಗೆ ತಲೆ ತಗ್ಗಿಸಿದೆ' ಎನ್ನುತ್ತೇವೆ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಅಮೆರಿಕದ ವಿದುಷಿ 2009ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ತಿನ್ನಬಾರದೆಂದದ್ದನ್ನು ತಿಂದ ನಾಯಿಯೂ, ತಿನ್ನದ ನಾಯಿಯೂ, ಯಜಮಾನ ಗದರಿದಾಗ ಒಂದೇ ರೀತಿ ತಲೆ ತಗ್ಗಿಸಿದವು. ನಾವು ಪಶ್ಚಾತ್ತಾಪವೆಂದುಕೊಂಡದ್ದು ನಮ್ಮ ಕೋಪಕ್ಕೆ ಅದು ಕೊಟ್ಟ ಉತ್ತರ ಮಾತ್ರ. ಮನುಷ್ಯನ ಮನಸ್ಸನ್ನು ಅದರಲ್ಲಿ ಕಲ್ಪಿಸಿಕೊಂಡು, ಇಲ್ಲದ ಅಪರಾಧಕ್ಕೆ ಬಡಿದವರೆಷ್ಟೋ ಮಂದಿ.

ಹಾಗಾದರೆ ಅದನ್ನು ಮನೆಯವರೆಂದು ಎಣಿಸಬಾರದೆ? ಎಣಿಸಿ, ಧಾರಾಳವಾಗಿ ಎಣಿಸಿ. ಮನೆ ಎಂದರೆ ಎಲ್ಲರೂ ಒಂದೇ ಅಚ್ಚಿನವರು ಎಂದಲ್ಲವಲ್ಲ. ಹಾಲುಗೂಸಿಗೆ ಒಂದು ಊಟ, ಹಲ್ಲಿಲ್ಲದ ಅಜ್ಜನಿಗೆ ಒಂದು ಊಟ, ಬಾಣಂತಿಗೆ ಇನ್ನೊಂದು. ಅವರವರಿಗೆ ಬೇಕಾದುದನ್ನು ಅರಿತು ಬಡಿಸುವುದೇ ಸಂಸಾರ. ನಾಯಿಗೂ ಅದೇ ನ್ಯಾಯ. ದಿನಕ್ಕೆರಡು ಸಲ ತಿರುಗಾಟ, ಮೂಸಿ ನೋಡಲು ನೆಲ, ಅದಕ್ಕೆ ಒಗ್ಗುವ ಅನ್ನ, ಕಾಲಕಾಲಕ್ಕೆ ಹುಚ್ಚುನಾಯಿ ರೋಗದ ಚುಚ್ಚುಮದ್ದು. ಮದ್ದು ನಾಯಿಗಾಗಿ ಮಾತ್ರವಲ್ಲ, ನೆರೆಮನೆಯ ಮಗುವಿಗಾಗಿಯೂ ಹೌದು. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆಂದೇ ಹೇಳಬೇಕು. ಲಿಫ್ಟಿನಲ್ಲಿ ಹೆದರುವವರಿದ್ದರೆ ನಾವೇ ಹಿಂದೆ ನಿಲ್ಲೋಣ. ನಮ್ಮ ನಾಯಿಯ ಕೊಳೆಯನ್ನು ನಾವೇ ಎತ್ತೋಣ. ಮಗುವೆಂದು ಕರೆದ ಮೇಲೆ ಮಗುವಿನ ಹೊಣೆ ಹೊರದಿದ್ದರೆ ಆ ಕರೆಗೆ ಅರ್ಥವೇನು?

ಈಗ ನಮ್ಮ ಮನೆಯಲ್ಲಿ ಇನ್ನೊಂದು ನಾಯಿ ಇದೆ. ಅದರ ಬಟ್ಟಲು ಬೇರೆ, ಅನ್ನ ಬೇರೆ. ಹಬ್ಬದ ದಿನ ಅದು ಎಲೆಯ ಮುಂದೆ ಬಂದು ನಿಂತು ನಮ್ಮ ಮುಖವನ್ನೇ ನೋಡುತ್ತದೆ. ಕೊಡದೆ ಇರುವುದು ಕಷ್ಟ. ಆದರೂ ಕೊಡುವುದಿಲ್ಲ. ಊಟವಾದ ಮೇಲೆ, ಎಷ್ಟೇ ನಿದ್ದೆ ಎಳೆಯುತ್ತಿದ್ದರೂ, ಹಗ್ಗ ಹಿಡಿದು ಅದರೊಡನೆ ಹೊರಗೆ ನಡೆಯುತ್ತೇವೆ. ಅದರ ಹಬ್ಬ ಅದು.