ಆಟದ ಅಂಗಳದಲ್ಲಿ ಹಾಡು

(ಶಾಲೆಯ ಶತಮಾನೋತ್ಸವದ ಕ್ರೀಡಾ ಸಪ್ತಾಹವನ್ನು ಉದ್ಘಾಟಿಸಿದ ದಿನ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಲಿಖಿತ ರೂಪ)



ಇಂಥ ಹೊತ್ತಿನಲ್ಲಿ ಶಾಲೆಯ ನೂರು ವರುಷಗಳ ಸಾಧನೆಯನ್ನು ನಿವೇದಿಸುವುದು ವಾಡಿಕೆ. ಆ ಕೆಲಸವನ್ನು ನಮ್ಮ ಕಾರ್ಯದರ್ಶಿಗಳು ಈಗಾಗಲೇ ಸೊಗಸಾಗಿ ಮಾಡಿ ಮುಗಿಸಿದ್ದಾರೆ. ನಾವು ಇಂದು ಕೆಲವರ ಮನಸ್ಸಿಗೆ ಬೇಸರ ತಂದಿರುವ ಒಂದು ವಿಷಯವನ್ನೇ ಎತ್ತಿಕೊಳ್ಳುತ್ತೇವೆ. ಶನಿವಾರದ ಕಬಡ್ಡಿ ಅಂತಿಮ ಪಂದ್ಯಕ್ಕೂ ಅದರ ಬೆನ್ನಿಗೆ ಹೊರಡುವ ಮೆರವಣಿಗೆಗೂ ಡಿ.ಜೆ. ತರಿಸಿಕೊಡುತ್ತೇವೆಂದು ಮಾಜಿ ವಿದ್ಯಾರ್ಥಿಗಳ ಒಂದು ತಂಡ ಪ್ರೀತಿಯಿಂದ ಮುಂದೆ ಬಂದಿತು. ನಾವು ಬೇಡವೆಂದೆವು. "ಬಾಯಿಯವರಿಗೆ ಹಾಡೆಂದರೆ ಆಗುವುದಿಲ್ಲ" ಎಂಬ ಮಾತು ಅಂದಿನಿಂದ ಊರಲ್ಲಿ ಓಡಾಡುತ್ತಿದೆ. ಬೇಡವೆಂದದ್ದು ಏಕೆ ಎಂಬುದನ್ನು ಎಲ್ಲರೆದುರಿಗೆ ಹೇಳುವುದು ನಮ್ಮ ಕರ್ತವ್ಯ.

ಆಟ ಬೇರೆ, ಹಾಡು ಬೇರೆ ಎನ್ನುವವರು ನಮ್ಮ ಸೀಮೆಯ ಜಾತ್ರೆಗಳನ್ನು ಕಂಡಿಲ್ಲವೆಂದೇ ಹೇಳಬೇಕು. ಇನಾಮಿನ ಕುಸ್ತಿಯನ್ನು ನೆನೆದುಕೊಳ್ಳಿರಿ. ಕಣದ ಅಂಚಿನಲ್ಲಿ ಹಲಗೆಯವನು ನಿಂತಿರುತ್ತಾನೆ. ಪೈಲವಾನರು ಕೈಗೆ ಕೈ ಕೂಡಿಸಿ ಸುತ್ತುವಾಗ ಅವನ ಪೆಟ್ಟು ನಿಧಾನ. ಒಬ್ಬನು ಇನ್ನೊಬ್ಬನ ಕಾಲಿಗೆ ಕೈ ಹಾಕಿದನೆಂದರೆ ಪೆಟ್ಟು ಚುರುಕಾಗುತ್ತದೆ. ಪಟ್ಟು ಬಿಗಿಯಾಗಿ ಇಬ್ಬರೂ ಮಣ್ಣಿನಲ್ಲಿ ಅಲುಗಾಡದೆ ಬಿದ್ದಿದ್ದರೆ ಹಲಗೆಯೂ ಕಾಯುತ್ತದೆ. ಅಷ್ಟು ಹೊತ್ತೂ ಅವನ ಕಣ್ಣು ಕಣದಿಂದ ಕದಲುವುದಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಧ್ವಜ ಹೊರುವವರ ತೋಳಿಗೂ ವಾದ್ಯಕ್ಕೂ ಇರುವ ನಂಟನ್ನು ಸೊಲ್ಲಾಪುರದವರಿಗೆ ನಾವು ತಿಳಿಸಬೇಕಾಗಿಲ್ಲ. ಇನ್ನು ಲೇಜೀಮು. ಅದು ವ್ಯಾಯಾಮವೋ ಕುಣಿತವೋ ಎಂದು ಯಾರಾದರೂ ಕೇಳಿದರೆ ನಮ್ಮ ದೈಹಿಕ ಶಿಕ್ಷಕರು ನಕ್ಕು ಸುಮ್ಮನಾಗುತ್ತಾರೆ.

ಹಣಕ್ಕಾಗಿ ಆಡುವ ದೊಡ್ಡ ಆಟಗಳಿಗೂ ಜನಪ್ರಿಯ ಹಾಡಿಗೂ ಇರುವ ಸಂಬಂಧವು ಇತ್ತೀಚಿನದೆಂದು ಮಕ್ಕಳು ತಿಳಿದಿದ್ದಾರೆ. ಅದರಲ್ಲಿ ಸೊಲ್ಲಾಪುರದ ಹೆಸರು ಬರುವ ಒಂದು ಹಳೆಯ ಪುಟವಿದೆ. 1938ರಲ್ಲಿ ಒಂಬತ್ತರ ಆಸುಪಾಸಿನ ಬಾಲೆಯೊಬ್ಬಳು ತಂದೆ ದೀನಾನಾಥ ಮಂಗೇಶ್ಕರರ ಜೊತೆಗೆ ಸೊಲ್ಲಾಪುರದ ವೇದಿಕೆಯನ್ನೇರಿ ಹಾಡಿದಳು. ಲತಾ ಮಂಗೇಶ್ಕರರ ಮೊದಲ ಸಾರ್ವಜನಿಕ ಗಾಯನವೆಂದು ಅದನ್ನು ಗುರುತಿಸುತ್ತಾರೆ. ಮುಂದೆ ಅವರು 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಕ್ಕಾಗಿ ಕನ್ನಡದಲ್ಲಿಯೂ ಹಾಡಿದರೆಂಬುದು ನಮ್ಮ ಹಿರಿಯರಿಗೆ ನೆನಪಿರಬಹುದು.

1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಕಪಿಲ್ ದೇವ್ ಅವರ ತಂಡ 183 ರನ್ನು ಮಾತ್ರ ಗಳಿಸಿ, ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿ ವಿಶ್ವಕಪ್ಪನ್ನು ಗೆದ್ದಿತು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ಟುಗಳನ್ನು ಪಡೆದವರು ಕರ್ನಾಟಕದ ರೋಜರ್ ಬಿನ್ನಿ. ವಿಕೆಟ್ಟಿನ ಹಿಂದೆ ನಿಂತಿದ್ದವರು ಸೈಯದ್ ಕಿರ್ಮಾನಿ. ಜಗತ್ತನ್ನೇ ಗೆದ್ದು ಬಂದ ಈ ಆಟಗಾರರಿಗೆ ಯೋಗ್ಯ ಬಹುಮಾನ ಕೊಡಲು ಕ್ರಿಕೆಟ್ ಮಂಡಳಿಯ ಬೊಕ್ಕಸದಲ್ಲಿ ಹಣವಿರಲಿಲ್ಲ! ಇಂದಿನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಮಂಡಳಿಯ ರಾಜ್‌ಸಿಂಗ್ ಡುಂಗರಪುರ ಅವರು ಲತಾ ಅವರ ಬಳಿಗೆ ಹೋದರು. ಲತಾ ಅವರು ಸಂಭಾವನೆಯಿಲ್ಲದೆ ದೆಹಲಿಯಲ್ಲಿ ಹಾಡಿದರು. ಆ ಕಚೇರಿಯಿಂದ ಸುಮಾರು 20 ಲಕ್ಷ ರೂಪಾಯಿ ಕೂಡಿತು, ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಲಕ್ಷ ರೂಪಾಯಿ ಸಂದಿತು. ಹೃದಯನಾಥ ಮಂಗೇಶ್ಕರರು ರಾಗ ಹಾಕಿದ ವಿಜಯಗೀತೆಗೆ ಆಟಗಾರರೂ ವೇದಿಕೆಯ ಮೇಲೆ ದನಿಗೂಡಿಸಿದರು. ಅವರ ಸ್ವರ ಹೇಗಿತ್ತೆಂಬುದನ್ನು ಯಾರೂ ಕೇಳಬಾರದು.

ಸಮುದ್ರದಾಚೆಯ ಒಂದು ಮಾತನ್ನೂ ಇಲ್ಲಿ ಹೇಳಬೇಕು. ವೆಸ್ಟ್ ಇಂಡೀಸಿನ ದ್ವೀಪಗಳಲ್ಲಿ ಕ್ಯಾಲಿಪ್ಸೊ ಎಂಬ ಹಾಡಿನ ಪ್ರಕಾರವಿದೆ. ಊರಿನ ಸುದ್ದಿ, ಹಾಸ್ಯ, ಟೀಕೆ ಎಲ್ಲವನ್ನೂ ಕಟ್ಟಿ ಹಾಡುವುದರಲ್ಲಿ ನಮ್ಮ ಲಾವಣಿಯವರ ಬಂಧುವೆನ್ನಬಹುದು. 1950ರಲ್ಲಿ ಆ ದ್ವೀಪಗಳ ತಂಡ ಇಂಗ್ಲೆಂಡಿನ ನೆಲದಲ್ಲಿ ಮೊದಲ ಸಲ ಟೆಸ್ಟ್ ಗೆದ್ದಾಗ ಲಾರ್ಡ್ ಬಿಗಿನರ್ ಎಂಬ ಗಾಯಕ ಅದನ್ನು ಹಾಡಾಗಿ ಕಟ್ಟಿದನು. ತಮ್ಮವರ ಗೆಲುವನ್ನು ತಾವು ಹಾಡುವುದು ಸಹಜ. ಆದರೆ 1971ರಲ್ಲಿ ಏನಾಯಿತು? ಭಾರತ ಅಲ್ಲಿಗೆ ಹೋಗಿ ಸರಣಿಯನ್ನೇ ಗೆದ್ದುಕೊಂಡಿತು. ಮೊದಲ ಸಲ ಆಡಲಿಳಿದ ಸುನೀಲ್ ಗಾವಸ್ಕರ್ ನಾಲ್ಕು ಟೆಸ್ಟುಗಳಲ್ಲಿ 774 ರನ್ನುಗಳನ್ನು ಗಳಿಸಿದರು. ಆಗ ಲಾರ್ಡ್ ರಿಲೇಟರ್ ಎಂಬ ಅಲ್ಲಿಯ ಗಾಯಕ ಹಾಡು ಕಟ್ಟಿದ್ದು ಈ ಗಾವಸ್ಕರರ ಮೇಲೆ! ತನ್ನವರನ್ನು ಸೋಲಿಸಿದವನ ಆಟವನ್ನು ಕಣ್ಣಿಟ್ಟು ನೋಡಿ ಮೆಚ್ಚಿ ಹಾಡಿದ್ದಾನೆ. ಗಾವಸ್ಕರರೂ ಮುಂದೆ ಮರಾಠಿಯಲ್ಲಿ ಬದುಕನ್ನು ಕ್ರಿಕೆಟ್ಟಿಗೆ ಹೋಲಿಸುವ ಹಾಡೊಂದನ್ನು ಹಾಡಿದ್ದಾರೆ. ಅದನ್ನು ಗುನುಗುವವರು ಈ ಸಭೆಯಲ್ಲಿಯೂ ಇದ್ದಾರೆಂದು ಬಲ್ಲೆವು.

ಈಗ ಕಾಲ ಬದಲಾಗಿದೆ. 2008ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಐ.ಪಿ.ಎಲ್. ಆರಂಭವಾಯಿತು. 2023ರಿಂದ 2027ರವರೆಗಿನ ಐದು ವರುಷಗಳ ಪ್ರಸಾರದ ಹಕ್ಕುಗಳು 48,390 ಕೋಟಿ ರೂಪಾಯಿಗಳಿಗೆ ಮಾರಾಟವಾದವು. ಕಚೇರಿ ಮಾಡಿ ಕೂಡಿಸಿದ ಆ 20 ಲಕ್ಷವೆಲ್ಲಿ, ಇದೆಲ್ಲಿ? ಆಟಗಾರನಿಗೆ ಹಣ ಬಂದದ್ದಕ್ಕೆ ನಮಗೆ ಸಂತೋಷವೇ ಇದೆ. ಮೈ ಮುರಿದು ಆಡುವವನು ಉಪವಾಸವಿರಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಆದರೆ ಹಾಡಿನ ಕೆಲಸ ಬೇರೆಯಾಯಿತು. ಒಂದು ಚೆಂಡಿಗೂ ಇನ್ನೊಂದು ಚೆಂಡಿಗೂ ನಡುವೆ ಉಳಿಯುವ ಅರೆನಿಮಿಷವನ್ನು ಮೌನವಾಗಿ ಬಿಡಬಾರದು, ನೋಡುವವನ ಮನಸ್ಸು ಬೇರೆಡೆಗೆ ಸರಿಯಬಾರದು. ಅದಕ್ಕಾಗಿ ಹಾಡಿನ ತುಣುಕುಗಳು. ಬೌಲರ್ ಏನನ್ನು ಯೋಚಿಸುತ್ತಿದ್ದಾನೆಂದು ನೋಡುಗನೂ ಯೋಚಿಸುವ ಹೊತ್ತು ಅದಾಗಿತ್ತು.

ಕಬಡ್ಡಿಯ ವಿಷಯದಲ್ಲಿ ನಾವು ಇನ್ನೂ ಸ್ವಲ್ಪ ನಿಲ್ಲಬೇಕಾಗುತ್ತದೆ. 2014ರ ಜುಲೈ 26ರಂದು ಮುಂಬಯಿಯಲ್ಲಿ ಪ್ರೊ ಕಬಡ್ಡಿ ಆರಂಭವಾಯಿತು. ಮರುವರುಷ ಅದರ ಪ್ರಚಾರಗೀತೆಯನ್ನು ಸ್ವತಃ ಅಮಿತಾಭ್ ಬಚ್ಚನ್ ಹಾಡಿದರು. ಹಾಡು, ದೀಪ, ಬಣ್ಣ ಇವೆಲ್ಲ ಸೇರಿ ಒಂದು ಉಪಕಾರವನ್ನಂತೂ ಮಾಡಿದವು. "ಹುತುತು ಆಡಿ ಹೊಟ್ಟೆ ತುಂಬೀತೇ?" ಎನ್ನುತ್ತಿದ್ದ ಪಾಲಕರು ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಅಭ್ಯಾಸಕ್ಕೆ ಕಳಿಸತೊಡಗಿದರು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದಾಗಲೂ, 2024ರಲ್ಲಿ ಕನ್ನಡಿಗರಾದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ ಪುಣೇರಿ ಪಲ್ಟನ್ ಗೆದ್ದಾಗಲೂ ನಮ್ಮ ಮಕ್ಕಳು ಪೇಡೆ ಹಂಚಿದರು. ಗಡಿಯಲ್ಲಿ ಬಾಳುವವರಿಗೆ ಇದೊಂದು ಸೌಕರ್ಯ.

ಆದರೆ ಕಬಡ್ಡಿಗೆ ಹೊರಗಿನ ಹಾಡು ಬೇಕಾಗಿಯೇ ಇಲ್ಲ. ದಾಳಿಗೆ ಹೋದವರು ಗೆರೆ ದಾಟಿ ಮರಳುವ ತನಕ ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎಂದು ನುಡಿಯುತ್ತಲೇ ಇರಬೇಕು. ನಾವು ಅದನ್ನು ದಮ್ಮು ಎನ್ನುತ್ತೇವೆ. ದಮ್ಮು ಮುರಿದರೆ ಔಟು. ಅದು ಪಂಚರಿಗೆ ಕೇಳಿಸಬೇಕು. ಕಣ್ಣಿನಿಂದಷ್ಟೇ ಅಲ್ಲದೆ ಕಿವಿಯಿಂದಲೂ ತೀರ್ಪು ಕೊಡಬೇಕಾದ ಆಟಗಳು ಬಹಳ ಇಲ್ಲ.

ಕಳೆದ ವರುಷ ಇದೇ ಅಂಗಳದಲ್ಲಿ ಅಂತರಶಾಲಾ ಪಂದ್ಯ ನಡೆಯಿತು. ಟಿ.ವಿ.ಯಲ್ಲಿ ಕಂಡಂತೆ ಇರಲಿ, ಮಕ್ಕಳಿಗೆ ಹುರುಪು ಬರಲಿ ಎಂದು ನಾವೇ ಎರಡು ಎತ್ತರದ ಸ್ಪೀಕರುಗಳನ್ನು ಬಾಡಿಗೆಗೆ ತರಿಸಿದ್ದೆವು. ಕೊನೆಯ ನಿಮಿಷ. ನಮ್ಮವರು ಒಂದು ಅಂಕದಿಂದ ಹಿಂದಿದ್ದರು. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ದಾಳಿಗೆ ಹೋದಳು. ಎದುರಾಳಿಯ ಭುಜಕ್ಕೆ ಅವಳ ಕೈ ತಾಗಿದ್ದನ್ನು ಕಂಡ ನಾವು ಸಂಭ್ರಮ ತಡೆಯಲಾರದೆ ಹಾಡು ಹಾಕಲು ಕೈಸನ್ನೆ ಮಾಡಿದೆವು. ಅವಳಿನ್ನೂ ಗೆರೆಯನ್ನು ಮುಟ್ಟಿರಲಿಲ್ಲ. ಅಂಗಳವೆಲ್ಲ 'ಝಿಂಗಾಟ್'ನಿಂದ ತುಂಬಿತು. ನಮ್ಮದೇ ಜಿಲ್ಲೆಯ ಕರಮಾಳೆ ತಾಲೂಕಿನ ನಾಗರಾಜ ಮಂಜುಳೆಯವರ 'ಸೈರಾಟ್' ಚಿತ್ರದ, ಅಜಯ್-ಅತುಲ್ ಜೋಡಿಯ ಆ ಹಾಡಿನ ಮೇಲೆ ನಮಗಾವ ದೂರೂ ಇಲ್ಲ. ದಮ್ಮು ಕೇಳಿಸಲಿಲ್ಲವೆಂದು ಪಂಚರು ಅವಳನ್ನು ಔಟೆಂದು ಸಾರಿದರು. ಪಂದ್ಯ ಹೋಯಿತು. ಪಂಚರನ್ನು ದೂರುವಂತಿರಲಿಲ್ಲ. ಕೇಳಿಸದ್ದನ್ನು ಅವರು ಕೇಳಿಸಿತೆಂದು ಹೇಗೆ ಹೇಳಿಯಾರು?

ಹುಡುಗಿ ಅಳಲಿಲ್ಲ. ಸಂಜೆ ಕಚೇರಿಯ ಬಾಗಿಲಲ್ಲಿ ನಿಂತು, "ನಾನು ದಮ್ಮು ಬಿಟ್ಟಿರಲಿಲ್ಲರೀ ಬಾಯಿ. ನಿಮಗಾದರೂ ಕೇಳಿಸಿತೇನ್ರಿ?" ಎಂದು ಕೇಳಿದಳು. ನಮಗೂ ಕೇಳಿಸಿರಲಿಲ್ಲ. ಹಾಗೆಂದೇ ಅವಳಿಗೆ ಹೇಳಿದೆವು. ಹಾಡು ಹಾಕಿಸಿದವರು ನಾವೇ ಎಂಬುದನ್ನು ಹೇಳಲು ಮಾತ್ರ ನಮಗೆ ಮರುದಿನದ ಪ್ರಾರ್ಥನೆಯ ತನಕ ಬೇಕಾಯಿತು.

ಡಿ.ಜೆ. ಕೊಡಿಸಬೇಕೆಂದಿದ್ದ ತಂಡದ ಹಿರಿಯರೊಬ್ಬರು ನಮ್ಮೊಡನೆ ವಾದಿಸುತ್ತ ಹೇಳಿದ ಮಾತು ಹಗುರವಾದುದಲ್ಲ. "ಮಹಾರಾಷ್ಟ್ರದಲ್ಲಿ ಕನ್ನಡ ಶಾಲೆಯೆಂದರೆ ನಮ್ಮ ಕಾಲದಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ನೂರು ವರುಷಕ್ಕೊಮ್ಮೆಯಾದರೂ ಇಡೀ ಊರಿಗೆ ಕೇಳಿಸಲಿ" ಎಂದರು. ಒಂದನೆಯ ಇಯತ್ತೆಗೆ ಮಕ್ಕಳನ್ನು ಕೇಳಿಕೊಂಡು ಪ್ರತಿ ಬೇಸಿಗೆಯಲ್ಲಿ ಮನೆಮನೆಗೆ ಹೋಗುವ ನಮಗೆ ಈ ಹಂಬಲ ಅರ್ಥವಾಗುತ್ತದೆ. ಕೇಳಿಸಿಕೊಳ್ಳುವ ಹಂಬಲಕ್ಕೆ ಕ್ರಿಕೆಟ್ಟು ಒಮ್ಮೆ ಚೆಂದದ ಉತ್ತರವನ್ನು ಕೊಟ್ಟಿತ್ತು. 'ಈ ಸಲ ಕಪ್ ನಮ್ದೇ' ಎಂಬ ಘೋಷಣೆ ಬೆಂಗಳೂರಿನಿಂದ ಹೊರಟು, ಕನ್ನಡ ಬಾರದ ಆಟಗಾರರ ಬಾಯಿಗೂ, ಪಕ್ಕದ ಓಣಿಯ ಮರಾಠಿ ಶಾಲೆಯ ಮಕ್ಕಳ ಬಾಯಿಗೂ ಬಂದಿತು. ನಮ್ಮ ಭಾಷೆಯ ಒಂದು ಇಡೀ ವಾಕ್ಯವನ್ನು ಅವರು ಉಲ್ಲಾಸದಿಂದ ಹೇಳುವುದನ್ನು ಕೇಳಿ ನಮ್ಮ ಕನ್ನಡ ಶಿಕ್ಷಕರಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಹದಿನೆಂಟನೆಯ ಆವೃತ್ತಿಯಲ್ಲಿ, 2025ರ ಜೂನ್ 3ರಂದು, ಆ ಕಪ್ಪು ನಿಜವಾಗಿಯೂ ಬಂದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಾಗಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಬಹುತೇಕ ಎಳೆಯರು, ವಿಜಯೋತ್ಸವವನ್ನು ನೋಡಲು ಬಂದವರು. ಅದಕ್ಕೆ ಹಾಡು ಕಾರಣವೆಂದು ಹೇಳುವಷ್ಟು ಅವಿವೇಕಿಗಳು ನಾವಲ್ಲ. ಸಾವಿರಾರು ಜನ ಒಟ್ಟಾಗಿ ಕೂಗುವಾಗ ಪಕ್ಕದವನ ಕೂಗು ಕೇಳಿಸುವುದಿಲ್ಲವೆಂಬ ಭಯ ಮಾತ್ರ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಮೆರವಣಿಗೆಯಲ್ಲಿ ನಡೆಯುವ ನಾನೂರು ಮಕ್ಕಳ ಹೊಣೆ ನಮ್ಮ ಮೇಲಿದೆ.

ಕಾನೂನಿನ ಮಾತೂ ಒಂದಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರು ಪ್ರದೇಶವನ್ನು ಶಾಂತ ವಲಯವೆಂದು ಸಾರಲು ಅವಕಾಶ ಕೊಟ್ಟಿವೆ. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್. ಅದು ಎರಡು ಜನ ಸಾವಧಾನವಾಗಿ ಮಾತನಾಡುವಷ್ಟು ಸದ್ದು. ನಮ್ಮ ಮಧ್ಯಾಹ್ನದ ಊಟದ ಬಿಡುವೇ ಅದನ್ನು ಮೀರುತ್ತದೆ ಎಂಬುದು ಬೇರೆ ಮಾತು.

ಆದ್ದರಿಂದ ಶನಿವಾರದ ಏರ್ಪಾಡು ಹೀಗಿದೆ. ಪಂದ್ಯ ನಡೆಯುವಾಗ ಧ್ವನಿವರ್ಧಕವು ಅಂಕ ಹೇಳುವುದಕ್ಕಷ್ಟೇ. ಅಂಗಳದ ಅಂಚಿನಲ್ಲಿ ಹಲಗೆ ಇರುತ್ತದೆ. ಬಾರಿಸಲು ಒಪ್ಪಿದವರು ಈ ಶಾಲೆಯಲ್ಲಿಯೇ ಕಲಿತ ಹಿರಿಯರು, ಎಷ್ಟೋ ಕುಸ್ತಿಗಳಿಗೆ ಬಾರಿಸಿದ ಕೈ ಅವರದು. ದಾಳಿಯ ಹೊತ್ತಿನಲ್ಲಿ ಕೈ ತಡೆಯಬೇಕೆಂದು ನಾವು ಹೇಳಹೋದಾಗ, "ಅದನ್ನ ನನಗ ಹೇಳಬೇಕೇನ್ರಿ?" ಎಂದು ಗದರಿಸಿದರು. ಮೆರವಣಿಗೆಗೆ ಹುಡುಗಿಯರ ಲೇಜೀಮು. ರಾತ್ರಿಯ ಸ್ನೇಹ ಸಮ್ಮೇಳನದಲ್ಲಿ 'ಝಿಂಗಾಟ್'ಗೆ ಕುಣಿಯುವವರು ಕುಣಿಯಲಿ, ಹತ್ತು ಗಂಟೆಯ ತನಕ ನಮ್ಮ ಅಡ್ಡಿಯಿಲ್ಲ. ನಮ್ಮ ಸಹೋದ್ಯೋಗಿಗಳೂ ಕುಣಿಯುವವರಿದ್ದಾರೆಂದು ಸುದ್ದಿ.

ಡಿ.ಜೆ.ಗೆಂದು ತೆಗೆದಿಟ್ಟ ಹಣದ ಬಗ್ಗೆ ಆ ತಂಡದವರಲ್ಲಿ ಒಂದು ವಿನಂತಿ. ಮೇಲಿನ ಹಂತದ ಪಂದ್ಯಗಳು ಮ್ಯಾಟಿನ ಮೇಲೆ ನಡೆಯುತ್ತವೆ. ನಮ್ಮ ಮಕ್ಕಳು ಮಣ್ಣಿನಲ್ಲಿ ಬರಿಗಾಲಿನಿಂದ ಕಲಿತವರು. ಅಲ್ಲಿಗೆ ಹೋದಾಗ ಬೂಟು ಹಾಕಿ ಹೊರಳಲಾರದೆ ಜಾರುತ್ತಾರೆ. ಒಂದು ಅಂಕಣಕ್ಕಾಗುವಷ್ಟು ಮ್ಯಾಟು ಬಂದರೆ ಮುಂದಿನ ಎಷ್ಟೋ ವರುಷಗಳ ಮಕ್ಕಳು ಅದರ ಮೇಲೆ ಆಡುತ್ತಾರೆ. ಹಿರಿಯರು ಇನ್ನೂ ಒಪ್ಪಿಲ್ಲ, ಇಲ್ಲವೆಂದೂ ಹೇಳಿಲ್ಲ. ಇಂದು ಈ ಸಭೆಯಲ್ಲಿ ಬಂದು ಕುಳಿತಿದ್ದಾರೆ, ಅದೇ ನಮಗೆ ದೊಡ್ಡದು.

ಆ ಹುಡುಗಿ ಈಗ ಹತ್ತನೆಯ ಇಯತ್ತೆಯಲ್ಲಿದ್ದಾಳೆ, ತಂಡದ ನಾಯಕಿ. ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಪಂದ್ಯ. ದಯವಿಟ್ಟು ಸ್ವಲ್ಪ ಮೊದಲೇ ಬಂದು ಹತ್ತಿರದಲ್ಲಿ ಕುಳಿತುಕೊಳ್ಳಿರಿ. ಮುಂದಿನ ಎರಡು ಸಾಲಿನವರೆಗೆ ದಮ್ಮು ಚೆನ್ನಾಗಿ ಕೇಳಿಸುತ್ತದೆಂದು ನಿನ್ನೆ ಅಭ್ಯಾಸದ ವೇಳೆಯಲ್ಲಿ ಕುಳಿತು ನೋಡಿದ್ದೇವೆ.