ಅಟ್ಟದ ಕಾಯಿಯೂ ಕಾಲೇಜಿನ ಮಕ್ಕಳೂ
(ತಿಪಟೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ತಿಪಟೂರೋ, ತುರುವೇಕೆರೆಯೋ, ಚಿಕ್ಕನಾಯಕನಹಳ್ಳಿಯೋ, ಯಾವ ಕಾಲೇಜು ಸೇರಬೇಕು ಅಂತ ಕೇಳ್ತೀರಿ. ಕಟ್ಟಡ ನೋಡಿ ಮರುಳಾಗಬೇಡಿ. ನಿಮ್ಮ ವಿಷಯಕ್ಕೆ ಮೇಷ್ಟ್ರು ಇದ್ದಾರಾ? ಲೈಬ್ರರಿ ಎಷ್ಟು ಹೊತ್ತು ತೆರೆದಿರುತ್ತೆ? ಹಾಸ್ಟೆಲಿನಿಂದ ನಡೆದು ಹೋಗಬಹುದಾ? ಸ್ಕಾಲರ್‌ಶಿಪ್ ಬರುವ ಮೊದಲೇ ಪೂರ್ತಿ ಫೀಸು ಕೇಳ್ತಾರಾ? ಅಲ್ಲೇ ಓದುತ್ತಿರುವ ನಮ್ಮ ಹುಡುಗ ಹುಡುಗಿಯರನ್ನು ವಿಚಾರಿಸಿ.

ಕಾಯಿ ಸುಲಿಯೋ ಕೂಲಿಗೆ ಹೋಗೋರು ಪಾಠದ ಹೊತ್ತನ್ನೂ ಕೇಳಿಕೊಳ್ಳಿ. 1946ರಲ್ಲಿ ಬಾಬಾಸಾಹೇಬರು ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಬೆಳಗಿನ ಹೊತ್ತು ಪಾಠ ಇಟ್ಟರು, ದುಡಿಯುವವರೂ ಓದಲಿ ಅಂತ. ಒಳ್ಳೆಯ ಕಾಲೇಜು ಅಂದರೆ ಬಡವರ ಹೊತ್ತು ಅರಿತ ಕಾಲೇಜು.

ಸೇರಿದ ಮೇಲೆ ಕೆಲಸ ನಮ್ಮದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದರೂ ಕಾಯಿ ಕೊಬ್ಬರಿಯಾಗುತ್ತೆ. ನಾವು ಮೂರು ವರ್ಷ ಸುಮ್ಮನೆ ಕೂತರೆ ಹಾಜರಿ ಪುಸ್ತಕದ ಒಂದು ಹೆಸರಾಗ್ತೀವಿ, ಅಷ್ಟೆ. 1913ರಲ್ಲಿ ಬರೋಡದ ಸ್ಕಾಲರ್‌ಶಿಪ್ ಮೇಲೆ ಕೊಲಂಬಿಯಾಕ್ಕೆ ಹೋದ ಬಾಬಾಸಾಹೇಬರು ಅರ್ಥಶಾಸ್ತ್ರವೊಂದಕ್ಕೇ ನಿಲ್ಲದೆ ಚರಿತ್ರೆ, ಸಮಾಜಶಾಸ್ತ್ರ, ತತ್ವಶಾಸ್ತ್ರದ ಪಾಠಕ್ಕೂ ಕೂತರು.

ಇಂಗ್ಲಿಷ್ ಬರಲ್ಲ ಅಂತ ಹಿಂದಿನ ಬೆಂಚಿಗೆ ಸರಿಯಬೇಡಿ. ಮುಂದೆ ಕೂತು ತಿಳಿಯದ್ದನ್ನು ಕೇಳಿ. ನಮ್ಮ ಅಪ್ಪ ಅವ್ವಂದಿರಿಗೆ ಕೇಳೋ ಜಾಗವೇ ಇರಲಿಲ್ಲ. ನಿಮಗೆ ಸಿಕ್ಕಿದೆ, ಬಿಡಬೇಡಿ.