ಮೋಡಬಿತ್ತನೆ: ಹೊಣೆಯೂ ಹದ್ದುಬಸ್ತೂ



ಶೃಂಗೇರಿಯ ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗನ ಸನ್ನಿಧಿಗೆ ಹರಕೆ ಹೊತ್ತವರೂ, ಬಯಲುಸೀಮೆಯಲ್ಲಿ ಗುರ್ಜಿಯನ್ನು ಹೊತ್ತು ಮನೆಮನೆಯ ಮುಂದೆ ನೀರೆರೆಸಿಕೊಂಡವರೂ, 2003ರಲ್ಲಿ ‘ವರುಣ’ ಎಂಬ ಹೆಸರಿನಿಂದಲೂ 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರಿನಿಂದಲೂ ವಿಮಾನಗಳನ್ನು ಮುಗಿಲಿಗೆ ಕಳುಹಿಸಿದ ನಮ್ಮ ಸರ್ಕಾರಗಳೂ ಬೇಡಿದ ವಸ್ತು ಒಂದೇ, ಮಳೆ. ಹರಕೆಗೆ ಲೆಕ್ಕಪರಿಶೋಧನೆಯಿಲ್ಲ, ಆದರೆ ಸಾರ್ವಜನಿಕರ ಹಣದಿಂದ, ಸಾರ್ವಜನಿಕರ ತಲೆಯ ಮೇಲಣ ಆಕಾಶದಲ್ಲಿ ರಸಾಯನದ್ರವ್ಯವನ್ನು ಸುಡುವ ಉದ್ಯಮಕ್ಕೆ ಅದು ಇರಲೇಬೇಕೆಂಬುದು ಈ ಉಪನ್ಯಾಸದ ಪ್ರತಿಜ್ಞೆ.

1946ರಲ್ಲಿ ಅಮೆರಿಕದ ಸ್ಕೆನೆಕ್ಟಡಿಯ ಪ್ರಯೋಗಶಾಲೆಯೊಂದರಲ್ಲಿ ವಿನ್ಸೆಂಟ್ ಶೇಫರ್ ಎಂಬಾತನು, ಒಳಗೆ ಕಪ್ಪು ಮಖಮಲ್ಲನ್ನು ಹೊದಿಸಿದ್ದ ಶೀತಪೆಟ್ಟಿಗೆಯೊಂದರೊಳಕ್ಕೆ ತನ್ನ ಉಸಿರನ್ನೂದಿ, ಅದರಲ್ಲಿ ಒಣಮಂಜಿನ (ಡ್ರೈ ಐಸ್) ತುಂಡೊಂದನ್ನು ಹಾಕಿದೊಡನೆ, ಉಸಿರಿನ ಆವಿಯೆಲ್ಲ ಮಿನುಗುವ ಹಿಮಕಣಗಳಾಗಿ ಮಾರ್ಪಟ್ಟಿತು. ಕೆಲವೇ ತಿಂಗಳುಗಳಲ್ಲಿ ಅವನ ಸಹೋದ್ಯೋಗಿ ಬರ್ನಾರ್ಡ್ ವಾನೆಗಟ್, ಹರಳಿನ ರಚನೆಯಲ್ಲಿ ಹಿಮವನ್ನೇ ಬಹುವಾಗಿ ಹೋಲುವ ಸಿಲ್ವರ್ ಅಯೊಡೈಡ್ ಸಹ ಇದೇ ಕಾರ್ಯವನ್ನೆಸಗಬಲ್ಲುದೆಂದು ಕಂಡುಕೊಂಡನು. ಈ ವಿದ್ಯೆಗೆ ಮೂಲ ಅಷ್ಟೆ. ಘನೀಭವಿಸಲು ಒಂದು ನೆಪಕ್ಕಾಗಿ ಕಾದಿರುವ ಅತಿಶೀತಲ ಜಲಬಿಂದುಗಳಿಗೆ ಆ ನೆಪವನ್ನು ಒದಗಿಸುವುದಲ್ಲದೆ, ಇಲ್ಲದ ಮೋಡವನ್ನು ಸೃಷ್ಟಿಸುವುದು ಇದರಿಂದ ಸಾಧ್ಯವಿಲ್ಲ.

ಜನರ ಮೊದಲ ಅಂಜಿಕೆ ಬೆಳ್ಳಿಯನ್ನು ಕುರಿತದ್ದು. ಸಿಲ್ವರ್ ಅಯೊಡೈಡ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಬಿತ್ತನೆಯ ಮಳೆಯಲ್ಲಿ ಲೀಟರಿಗೆ ಸಾಮಾನ್ಯವಾಗಿ ಕಾಣಬರುವ ಬೆಳ್ಳಿ ಮೈಕ್ರೋಗ್ರಾಮಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಕುಡಿಯುವ ನೀರಿಗೆ ಭಾರತೀಯ ಮಾನಕವು ವಿಧಿಸಿರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಎಂದರೆ ಅದರ ಸಾವಿರ ಪಟ್ಟು. ಹೀಗಿರುವಲ್ಲಿ ಒಂದು ಮುಂಗಾರಿನ ಬಿತ್ತನೆಯಿಂದ ವಿಷಪ್ರಾಶನವಾದೀತೆಂದು ಊರಿಗೆ ಊರೇ ಗಾಬರಿಗೊಳ್ಳುವುದು ಅನಾವಶ್ಯಕ. ಆದರೆ ನೀರಿನಲ್ಲಿ ಬಿಡಿಯಾದ ಬೆಳ್ಳಿಯ ಅಯಾನು ಮೀನಿಗೂ ಪಾಚಿಗೂ ಸೂಕ್ಷ್ಮಜೀವಿಗಳಿಗೂ ತೀಕ್ಷ್ಣವಾದ ವಿಷವೆಂಬುದೂ, ಲೋಹವು ನಾಶವಾಗದೆ ಕೆರೆಯ ಹೂಳಿನಲ್ಲಿ ಸಂಚಯವಾಗಬಲ್ಲುದೆಂಬುದೂ ಅಷ್ಟೇ ನಿಜ. ಆದುದರಿಂದ ಒಂದೇ ಸೀಮೆಯ ಮೇಲೆ ವರ್ಷೇ ವರ್ಷೇ ಬಿತ್ತುವುದಾದರೆ ಹೂಳಿನ ಪರೀಕ್ಷೆ ಮೊದಲ ಹಾರಾಟಕ್ಕೆ ಮುಂಚೆಯೇ ಆಗಿರತಕ್ಕದ್ದು; ಮುಂಚಿನ ಅಳತೆಯಿಲ್ಲದವನಿಗೆ ಅನಂತರದ ಅಳತೆಯಿಂದ ಪ್ರಯೋಜನವಿಲ್ಲ. ಬೆಳ್ಳಿಯನ್ನು ಕುರಿತು ಇಷ್ಟೊಂದು ವಾದಿಸುವವರು, ಬೆಚ್ಚನೆಯ ಮೋಡಗಳಿಗೆ ಉಪ್ಪಿನ ಕಣಗಳನ್ನೊದಗಿಸುವ ಕೆಲವು ಫ್ಲೇರುಗಳಲ್ಲಿ (ವಿಮಾನದಿಂದ ಉರಿಸುವ ರಸಾಯನದ ಬತ್ತಿಗಳಲ್ಲಿ) ದಹನಕ್ಕೆಂದು ಸೇರಿಸುವ ಪೊಟ್ಯಾಸಿಯಂ ಪರ್‌ಕ್ಲೋರೇಟನ್ನು ಕುರಿತು ಮೌನದಿಂದಿರುವುದು ನನಗೆ ಸೋಜಿಗವೆನಿಸುತ್ತದೆ. ಉರಿದಾಗ ಅದು ಬಹುಮಟ್ಟಿಗೆ ಕ್ಲೋರೈಡಾಗಿ ಪರಿಣಮಿಸುವುದಾದರೂ, ಥೈರಾಯ್ಡ್ ಗ್ರಂಥಿಯು ಅಯೊಡಿನ್ನನ್ನು ಹೀರಿಕೊಳ್ಳುವುದಕ್ಕೆ ಅಡ್ಡಿಮಾಡುವ ಆ ದ್ರವ್ಯವು ಅರೆಯುರಿದ ಫ್ಲೇರಿನಲ್ಲಿ ಎಷ್ಟು ಉಳಿದಿದೆಯೆಂದು ಕೇಳುವುದು ನಮ್ಮ ಹಕ್ಕು.

ಇದಕ್ಕಿಂತ ಕ್ಲಿಷ್ಟವಾದ ಅಪಾಯ ಬೇರೆಯೇ ಇದೆ. 1947ರ ಅಕ್ಟೋಬರ್ 13ರಂದು ಅಟ್ಲಾಂಟಿಕ್ ಸಾಗರದ ಚಂಡಮಾರುತವೊಂದರ ಮೇಲೆ ಒಣಮಂಜನ್ನು ಸುರಿಯಲಾಯಿತು. ಸಾಗರದತ್ತ ಸರಿಯುತ್ತಿದ್ದ ಆ ಮಾರುತವು ಹೊರಳಿ ಬಂದು ಜಾರ್ಜಿಯಾದ ಸವಾನಾ ಪಟ್ಟಣದ ಬಳಿ ಅಪ್ಪಳಿಸಿತು. 1906ರ ಮಾರುತವೊಂದು ಬಿತ್ತನೆಯಿಲ್ಲದೆಯೇ ಇಂಥದೇ ಹಾದಿಯನ್ನು ಹಿಡಿದಿತ್ತೆಂದು ಅನಂತರ ತಿಳಿದುಬಂದಿತು. ಆದರೂ ಶೇಫರನ ತಂಡದ ಹಿರಿಯನೂ ನೊಬೆಲ್ ಪುರಸ್ಕೃತನೂ ಆದ ಇರ್ವಿಂಗ್ ಲ್ಯಾಂಗ್‌ಮ್ಯೂರನೇ ಅದು ತಮ್ಮ ಕೈಚಳಕವೆಂದು ಹಟ ಹಿಡಿದಿದ್ದನು! 1972ರ ಜೂನ್ 9ರಂದು ದಕ್ಷಿಣ ಡಕೋಟಾದ ರ‍್ಯಾಪಿಡ್ ಸಿಟಿಯಲ್ಲಿ ನೆರೆಯು 238 ಜನರನ್ನು ಬಲಿಗೊಂಡಿತು. ಅದೇ ದಿವಸ ಆ ಪ್ರಾಂತದಲ್ಲಿ ಪ್ರಯೋಗಾರ್ಥವಾಗಿ ಮೋಡಗಳಿಗೆ ಉಪ್ಪಿನ ಪುಡಿಯನ್ನು ಎರಚಲಾಗಿತ್ತು. ಅಷ್ಟು ದೊಡ್ಡ ಮಳೆಗೆ ಆ ಉಪ್ಪು ಕಾರಣವಲ್ಲವೆಂದು ತಜ್ಞರು ನಿರ್ಣಯಿಸಿದರು. ಮನೆಮಂದಿಯನ್ನು ಕಳೆದುಕೊಂಡವರ ಶಂಕೆ ಅಷ್ಟರಿಂದ ಅಡಗುವುದು ಹೇಗೆ? ಒಮ್ಮೆ ಸುರಿದ ಮೋಡವನ್ನು ಬಿತ್ತನೆಯಿಲ್ಲದೆ ಮತ್ತೊಮ್ಮೆ ಸುರಿಯೆಂದು ಕೇಳುವಂತಿಲ್ಲವಾದುದರಿಂದ, ಬಂದ ಮಳೆ ತನ್ನದೆಂದು ಗುತ್ತಿಗೆದಾರನೂ, ಬಂದ ನೆರೆ ಅವನದೆಂದು ಜನರೂ ಸಾಧಿಸಲಾರರು. ನಮ್ಮ ‘ವರ್ಷಧಾರೆ’ಯ ವಿಮಾನ ಜಕ್ಕೂರಿನಿಂದ ಏರಿದ 2017ನೆಯ ವರ್ಷವೇ ಬೆಂಗಳೂರಿಗೆ ದಾಖಲೆಯ ಮಳೆ ಬಂದಿತು; ಅದರಲ್ಲಿ ವರುಣನ ಪಾಲೆಷ್ಟು, ವಿಮಾನದ ಪಾಲೆಷ್ಟು ಎಂದು ಬಗೆಹರಿಸಬಲ್ಲ ಪಂಚಾಯಿತಿ ಯಾವುದು?

ಸೊಲ್ಲಾಪುರದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರಲ್ಲಿ ನಡೆಸಿದ ಪ್ರಯೋಗ ಈ ತೊಡಕಿಗೆ ಶಾಸ್ತ್ರೋಕ್ತವಾದ ಮಾರ್ಗವನ್ನು ತೋರಿತು. ಯೋಗ್ಯವೆನಿಸಿದ ಮೋಡಗಳಲ್ಲಿ ಯಾವುದಕ್ಕೆ ಬಿತ್ತುವುದು, ಯಾವುದನ್ನು ಬಿಡುವುದು ಎಂಬುದನ್ನು ಆಯ್ಕೆಯ ಪಕ್ಷಪಾತಕ್ಕೆಡೆಗೊಡದೆ ನಿರ್ಧರಿಸಿದ್ದರಿಂದಲೇ, ಮಳೆ ಸರಾಸರಿ ಶೇಕಡಾ 18ರಷ್ಟು ಹೆಚ್ಚಿತೆಂಬ ಅವರ ಮಾತಿಗೆ ತೂಕ ಬಂದಿತು. ಅಮೆರಿಕದಲ್ಲಿ 1971ರ ಕಾಯಿದೆಯ ಮೇರೆಗೆ ಇಂಥ ಪ್ರತಿಯೊಂದು ಕಾರ್ಯದ ವರದಿ ಸರ್ಕಾರಕ್ಕೆ ಸಲ್ಲತಕ್ಕದ್ದು. ಅಲ್ಲಿನ ಪಶ್ಚಿಮದ ಪರ್ವತರಾಜ್ಯಗಳಲ್ಲಿ ಹಿಮದ ಸಂಗ್ರಹ ನಿಯತ ಪ್ರಮಾಣವನ್ನು ಮೀರಿದಾಗಲೂ, ನೆರೆಯ ಮುನ್ನೆಚ್ಚರಿಕೆ ಹೊರಟಾಗಲೂ ಬಿತ್ತನೆಯನ್ನು ನಿಲ್ಲಿಸುವ ನಿಯಮಗಳುಂಟು. ವಿಯೆಟ್ನಾಮಿನ ಯುದ್ಧದಲ್ಲಿ ಮಳೆಯನ್ನೇ ಆಯುಧವನ್ನಾಗಿ ಪ್ರಯೋಗಿಸಿದ ಮೇಲೆ, 1976ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಒಡಂಬಡಿಕೆ ಸೈನಿಕ ಉದ್ದೇಶಗಳಿಗೆ ಪ್ರಕೃತಿಯನ್ನು ಹೀಗೆ ಮಾರ್ಪಡಿಸುವುದನ್ನು ನಿಷೇಧಿಸಿತು. ರೈತನಿಗಾಗಿ ನಡೆಯುವ ಬಿತ್ತನೆ ಅದರ ವ್ಯಾಪ್ತಿಗೆ ಬಾರದು.

ಆದುದರಿಂದ ನಮ್ಮ ಹದ್ದುಬಸ್ತನ್ನು ನಾವೇ ಗೊತ್ತುಮಾಡಿಕೊಳ್ಳಬೇಕು. ಗ್ರಾಮಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಮ್ಮಲ್ಲಿರುವುದು ಭಾಗ್ಯವೇ ಸರಿ. ಶೇಂಗಾ ಕಿತ್ತು ಹೊಲದಲ್ಲಿ ಒಣಹಾಕಿರುವ ಸೀಮೆಯ ಮೇಲೆ, ಕೋಡಿಬಿದ್ದ ಕೆರೆಯ ಮೇಲೆ, ಗುಡುಗುಮೋಡ ಕಟ್ಟಿದ ದಿನಗಳಲ್ಲಿ ವಿಮಾನವನ್ನು ನಿಲ್ಲಿಸುವ ಅಧಿಕಾರ ಆ ಕೇಂದ್ರದ ಕೈಯಲ್ಲಿರಬೇಕೇ ಹೊರತು, ಹಾರಾಟದ ಗಂಟೆಗಿಷ್ಟೆಂದು ಹಣವೆಣಿಸಿಕೊಳ್ಳುವ ಗುತ್ತಿಗೆದಾರನ ಕೈಯಲ್ಲಲ್ಲ. ಉರಿಸಿದ ಫ್ಲೇರುಗಳ ಸಂಖ್ಯೆ, ಅವುಗಳೊಳಗಣ ದ್ರವ್ಯ, ಹಾರಿದ ಹಾದಿ ಇವೆಲ್ಲ ಆಯಾ ವಾರವೇ ಪಂಚಾಯಿತಿಯ ಕಚೇರಿಯ ಗೋಡೆಗೆ ಅಂಟತಕ್ಕದ್ದು.